ಜಿಲ್ಲಾ ಪಂಚಾಯಿತಿಯಿಂದ ಶಂಕರಘಟ್ಟದ ತರಗತಿಗೆ: ರಾಜಕಾರಣಿ ಪ್ರಾಧ್ಯಾಪಕರಾಗುವ ಬಗೆ

ಶಿವಮೊಗ್ಗ ಜಿಲ್ಲಾ ಪಂಚಾಯಿತಿಯಲ್ಲಿ ಮೂರು ಅವಧಿ ಸದಸ್ಯರಾಗಿದ್ದವರಿಗೆ ಕಡತ, ಕಾನೂನು, ಜನರ ಸಂಕಟ ಮೂರೂ ಗೊತ್ತಿರುತ್ತದೆ. ಆದರೆ ಅಧಿಕಾರದಲ್ಲಿ ಕಳೆದ ವರ್ಷಗಳನ್ನು ಯಾವ ವಿಶ್ವವಿದ್ಯಾಲಯವೂ ಬೋಧನಾ ಅನುಭವ ಎಂದು ಲೆಕ್ಕ ಹಿಡಿಯುವುದಿಲ್ಲ. ಹಾಗಾಗಿ ಯಾವ ದಾರಿ ಎಂಬುದನ್ನು ಮೊದಲೇ ನಿರ್ಧರಿಸಿಕೊಳ್ಳಬೇಕು.

ಕಾಯಂ ಹುದ್ದೆ ಬೇಕಿದ್ದರೆ ಸ್ನಾತಕೋತ್ತರ ಪದವಿಯಲ್ಲಿ ಶೇ. 55 ಅಂಕ ಬೇಕು; ಪರಿಶಿಷ್ಟ ಜಾತಿ, ಪಂಗಡ, ಹಿಂದುಳಿದ ವರ್ಗ ಮತ್ತು ಅಂಗವಿಕಲರಿಗೆ ಶೇ. 5 ರಿಯಾಯಿತಿ ಇದೆ. ಅದರ ಮೇಲೆ ನೆಟ್ (ರಾಷ್ಟ್ರೀಯ ಅರ್ಹತಾ ಪರೀಕ್ಷೆ) ಅಥವಾ ಕೆ-ಸೆಟ್ (ರಾಜ್ಯದ ಅರ್ಹತಾ ಪರೀಕ್ಷೆ). ಸಹಾಯಕ ಪ್ರಾಧ್ಯಾಪಕ ಅರ್ಹತೆಗೆ ನೆಟ್ ಬರೆಯಲು ವಯೋಮಿತಿ ಇಲ್ಲ. ಮೂರು ಗಂಟೆ, 150 ಪ್ರಶ್ನೆ, 300 ಅಂಕ, ತಪ್ಪಿಗೆ ಅಂಕ ಕಡಿತವಿಲ್ಲ. ಸಾರ್ವಜನಿಕ ಜೀವನದಿಂದ ಬಂದವರು ಎಡವುವುದು ಹೆಚ್ಚಾಗಿ ಮೊದಲ ಪತ್ರಿಕೆಯಲ್ಲಿ: ತರ್ಕ, ದತ್ತಾಂಶ, ಸಂಶೋಧನಾ ವಿಧಾನ. ತಮ್ಮ ವಿಷಯ ಗೊತ್ತಿದೆ ಎಂದು ಅದನ್ನು ಉಪೇಕ್ಷಿಸುತ್ತಾರೆ. ಪಿಎಚ್‌ಡಿಗೆ ಕನಿಷ್ಠ ಮೂರು ವರ್ಷ ಎತ್ತಿಡಿ. ನೇರವಾಗಿ ಪ್ರಾಧ್ಯಾಪಕ ಹುದ್ದೆಗೆ ಸಾಮಾನ್ಯವಾಗಿ ಪಿಎಚ್‌ಡಿ, ಹತ್ತು ವರ್ಷದ ಬೋಧನೆ, ಕನಿಷ್ಠ ಹತ್ತು ಸಂಶೋಧನಾ ಪ್ರಕಟಣೆ ಬೇಕಾದ್ದರಿಂದ ಐವತ್ತು ದಾಟಿದವರಿಗೆ ಅದು ದೂರದ ಮಾತು.

ಇಂಥವರಿಗೆ ಹೊಂದುವುದು ಎರಡನೆಯ ದಾರಿ. ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2022ರಲ್ಲಿ 'ಪ್ರೊಫೆಸರ್ ಆಫ್ ಪ್ರಾಕ್ಟೀಸ್', ಅಂದರೆ ಕ್ಷೇತ್ರದ ಅನುಭವವನ್ನೇ ಅರ್ಹತೆಯಾಗಿ ಪರಿಗಣಿಸುವ ಹುದ್ದೆಯ ಮಾರ್ಗಸೂಚಿ ಹೊರಡಿಸಿತು. ಕನಿಷ್ಠ 15 ವರ್ಷದ ಅನುಭವ ಬೇಕು. ಪದವಿಯ ಕಟ್ಟುಪಾಡಿಲ್ಲ, ಪ್ರಕಟಣೆಗಳ ಷರತ್ತೂ ಇಲ್ಲ. ಪಂಚಾಯತ್ ರಾಜ್, ಗ್ರಾಮೀಣಾಭಿವೃದ್ಧಿ, ಸಾರ್ವಜನಿಕ ಆಡಳಿತ ಅದರ ಕ್ಷೇತ್ರಪಟ್ಟಿಯಲ್ಲೇ ಇವೆ. ಅವಧಿ ಹೆಚ್ಚೆಂದರೆ ಮೂರು ವರ್ಷ, ವಿಶೇಷ ಸಂದರ್ಭದಲ್ಲಿ ಇನ್ನೊಂದು. ಇಂಥ ಹುದ್ದೆಗಳು ಮಂಜೂರಾದ ಹುದ್ದೆಗಳ ಶೇ. 10 ಮೀರುವಂತಿಲ್ಲ. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯವಿರಲಿ, ಬೇರೆಯದಿರಲಿ, ಇದನ್ನು ಅಳವಡಿಸಿಕೊಂಡಿದೆಯೇ ಎಂದು ಕುಲಸಚಿವರ ಕಚೇರಿಯಲ್ಲಿ ವಿಚಾರಿಸಿಯೇ ಮುಂದುವರಿಯಿರಿ. ಶಿಫಾರಸು ಪತ್ರ ಹಿಡಿದು ಹೋಗಬೇಡಿ. ವಿಭಾಗದ ಉಳಿದ ಅಧ್ಯಾಪಕರು ಅದನ್ನು ಮರೆಯುವುದಿಲ್ಲ.

ಅರ್ಜಿಯ ಬಲವಿರುವುದು ದಾಖಲೆಯಲ್ಲಿ. ಸನ್ಮಾನದ ಫೋಟೊ, ಪತ್ರಿಕಾ ತುಣುಕು ಬೇಡ. ಆಯ್ಕೆಯ ಪ್ರಮಾಣಪತ್ರ, ಸ್ಥಾಯಿ ಸಮಿತಿಯ ನಡಾವಳಿ, ಕೆಡಿಪಿ (ಅಭಿವೃದ್ಧಿ ಕಾರ್ಯಕ್ರಮಗಳ ಪ್ರಗತಿ ಪರಿಶೀಲನೆ) ಸಭೆಗಳ ಅನುಪಾಲನಾ ವರದಿ ಬೇಕು. ನಿಮ್ಮ ಬಳಿ ಇಲ್ಲದಿದ್ದರೆ ಮಾಹಿತಿ ಹಕ್ಕಿನಡಿ ಪಡೆಯಿರಿ: ಶುಲ್ಕ 10 ರೂಪಾಯಿ, ಪುಟಕ್ಕೆ 2 ರೂಪಾಯಿ, ಅವಧಿ 30 ದಿನ. ರಾಜ್ಯದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದದೊಳಗೆ. ಎಲ್ಲ ವರ್ಷದ್ದನ್ನೂ ಒಟ್ಟಿಗೆ ಕೇಳಿದರೆ ಅರ್ಜಿ ತಿರಸ್ಕೃತವಾಗುವುದುಂಟು.

ಈ ಕಾಗದಗಳೇ ಮುಂದೆ ಪಠ್ಯವಾಗುತ್ತವೆ. 2006ರ ಅರಣ್ಯ ಹಕ್ಕು ಕಾಯ್ದೆಯನ್ನೇ ತೆಗೆದುಕೊಳ್ಳಿ. ಅರಣ್ಯಭೂಮಿಯ ಹಕ್ಕು ಕೋರುವ ಅರ್ಜಿ ಗ್ರಾಮಸಭೆಯಿಂದ ಉಪವಿಭಾಗ ಮಟ್ಟದ ಸಮಿತಿಗೆ, ಅಲ್ಲಿಂದ ಜಿಲ್ಲಾ ಸಮಿತಿಗೆ ಹೋಗುತ್ತದೆ. ಜಿಲ್ಲಾ ಸಮಿತಿಯಲ್ಲಿ ಜಿಲ್ಲಾ ಪಂಚಾಯಿತಿಯ ಮೂವರು ಸದಸ್ಯರಿರುತ್ತಾರೆ. ಪರಿಶಿಷ್ಟ ಪಂಗಡಕ್ಕೆ ಸೇರದವರು 13-12-2005ಕ್ಕೆ ಮುಂಚಿನ 75 ವರ್ಷದ ವಾಸವನ್ನು ತೋರಿಸಬೇಕು. ಸಾಗರ, ಹೊಸನಗರ, ತೀರ್ಥಹಳ್ಳಿಯ ಕಡೆ ಅರ್ಜಿಗಳು ಬೀಳುವುದು ಅಲ್ಲೇ. ಲಿಂಗನಮಕ್ಕಿ ಅಣೆಕಟ್ಟೆಯ ನೀರು ಏರಿದಾಗ ಒಕ್ಕಲೆದ್ದು ಬಂದ ಕುಟುಂಬ 75 ವರ್ಷದ ಕಾಗದವನ್ನು ಎಲ್ಲಿಂದ ತರಬೇಕು? ಸಮಿತಿಯಲ್ಲಿ ಕುಳಿತವರು ಈ ಪ್ರಶ್ನೆಯನ್ನು ತರಗತಿಗೆ ತಂದರೆ ಅದರ ಬೆಲೆಯೇ ಬೇರೆ. ಅರ್ಜಿದಾರರ ಹೆಸರು, ಸರ್ವೆ ನಂಬರ್ ಅಳಿಸಿ ಪ್ರತಿ ಹಂಚಿ.

50 ನಿಮಿಷದ ತರಗತಿಯಲ್ಲಿ ಪೀಠಿಕೆಗೆ ಹತ್ತು ನಿಮಿಷ ಸಾಕು. ಮುಂದಿನ 25 ನಿಮಿಷ ವಿದ್ಯಾರ್ಥಿಗಳೇ ದಾಖಲೆ ಓದಲಿ, ಉಳಿದದ್ದು ಪ್ರಶ್ನೆಗೆ. ವೇದಿಕೆಯ ಅಭ್ಯಾಸ ಇಲ್ಲೇ ತೊಡಕಾಗುತ್ತದೆ: ಭಾಷಣದಲ್ಲಿ ಚಪ್ಪಾಳೆ ಬಂದರೆ ಮುಗಿಯಿತು, ಪಾಠದಲ್ಲಿ ಕೊನೆಯ ಬೆಂಚಿನವರು ಎದುರು ವಾದ ಹೂಡುವಂತಾಗಬೇಕು. ವಿರೋಧಿಗಳ ನಿಲುವನ್ನು ಅವರೇ ಒಪ್ಪುವಷ್ಟು ನ್ಯಾಯವಾಗಿ ವಿವರಿಸಿ.

ಸೇರುವ ಮೊದಲೇ ಪಕ್ಷದ ಹುದ್ದೆಗೆ ಲಿಖಿತ ರಾಜೀನಾಮೆ ಕೊಟ್ಟು ಸ್ವೀಕೃತಿ ಪಡೆಯಿರಿ. ಇನ್ನೂ ಶಾಸಕರೋ ಸದಸ್ಯರೋ ಆಗಿದ್ದರೆ ಲಾಭದಾಯಕ ಹುದ್ದೆಯ (ಸರ್ಕಾರಿ ಸಂಬಳದ ಹುದ್ದೆಯಿಂದ ಸದಸ್ಯತ್ವಕ್ಕೆ ಕುತ್ತು ಬರುವ) ತೊಡಕಿದೆಯೇ ಎಂದು ವಕೀಲರಲ್ಲಿ ಕೇಳಿ. ಕಾರ್ಯಕರ್ತರ ಮಕ್ಕಳು ಅದೇ ತರಗತಿಯಲ್ಲಿದ್ದರೆ ಅವರ ಆಂತರಿಕ ಅಂಕಗಳನ್ನು ಬೇರೆ ಅಧ್ಯಾಪಕರಿಂದ ಹಾಕಿಸುವಂತೆ ವಿಭಾಗದ ಮುಖ್ಯಸ್ಥರಿಗೆ ಸೆಮಿಸ್ಟರಿನ ಮೊದಲ ವಾರವೇ ಬರೆದುಕೊಡಿ.