ಮಂಗನ ಕಾಯಿಲೆಯ ಸೀಮೆಯಲ್ಲಿ ಒಂದು ಹೊಸ ಸಭೆ

ಹೊಸ ಊರಿಗೆ ಹೋಗಿ ಕ್ರೈಸ್ತ ಸಭೆ ಶುರು ಮಾಡಬೇಕು ಎನ್ನುವ ಯುವ ಪಾಸ್ಟರ್‌ಗಳು ಸಿಕ್ಕಾಗಲೆಲ್ಲ ಒಂದೇ ಪ್ರಶ್ನೆ ಕೇಳುತ್ತಾರೆ. "ಅಣ್ಣ, ಸಮಾಜಸೇವೆ ಮಾಡಿದ್ರೆ ಜನ ಸಭೆಗೆ ಬರ್ತಾರಾ?" ಒಂದು ಮಾತಿನಲ್ಲಿ ಉತ್ತರ ಹೇಳೋಕೆ ಆಗುವುದಿಲ್ಲ. ಅದಕ್ಕೇ ನಮ್ಮಲ್ಲಿ ನಡೆದದ್ದನ್ನು ಬರೆಯುತ್ತಿದ್ದೇನೆ.

ನಾನು ಬೆಳೆದದ್ದು ಭದ್ರಾವತಿಯಲ್ಲಿ. ಕಾರ್ಖಾನೆ ಊರು, ಎಲ್ಲ ಕಡೆಯ ಜನ, ಚರ್ಚಿಗೂ ಬರ ಇಲ್ಲ. ಈಗ ಇರುವುದು ತೀರ್ಥಹಳ್ಳಿ ತಾಲೂಕಿನ ಒಳಗೆ. ಇಲ್ಲಿ ತೋಟ, ಗದ್ದೆ, ಮಧ್ಯೆ ಕಾಡು. ಒಂದು ಮನೆಯಿಂದ ಇನ್ನೊಂದು ಮನೆಗೆ ಹೋಗಬೇಕಾದರೆ ಗುಡ್ಡ ಹತ್ತಿ ಇಳಿಯಬೇಕು. ನಾವು ಬಂದಾಗ ಕೂಲಿಗೆ ಬಂದು ಇಲ್ಲೇ ನೆಲೆಸಿದ್ದ ಮೂರು ಕ್ರೈಸ್ತ ಕುಟುಂಬಗಳಿದ್ದವು. ಅವರಲ್ಲೊಬ್ಬರ ಮನೆ ಜಗಲಿಯಲ್ಲಿ ಆರಾಧನೆ ಶುರುವಾಯಿತು.

ಯಾವ ಸೇವೆ ಮಾಡೋಣ ಎಂದು ನಾವೇ ಕೂತು ತೀರ್ಮಾನಿಸಲಿಲ್ಲ. ಊರಿನ ಆಶಾ ಕಾರ್ಯಕರ್ತೆಯನ್ನು ಕೇಳಿದೆವು. ಅವರ ಉತ್ತರ ತಕ್ಷಣ ಬಂತು. "ಫಾದ್ರೇ, ಬೇಸಿಗೆ ಬಂದ್ರೆ ನಾನೊಬ್ಳೇ ಎಷ್ಟು ಮನೆ ಸುತ್ಲಿ? ಎಣ್ಣೆ ಹಂಚೋಕೆ ಇಬ್ರು ಹುಡುಗ್ರನ್ನ ಕಳ್ಸಿ, ಸಾಕು."

ಎಣ್ಣೆ ಅಂದರೆ ಡೆಪಾ ತೈಲ. ಮಂಗನ ಕಾಯಿಲೆಯಿಂದ ಕಾಪಾಡಿಕೊಳ್ಳಲು ಆರೋಗ್ಯ ಇಲಾಖೆ ಕೊಡುವುದು. ಈ ಕಾಯಿಲೆ ಮೊದಲು ಪತ್ತೆಯಾದದ್ದೇ ನಮ್ಮ ಜಿಲ್ಲೆಯಲ್ಲಿ, 1957ರಲ್ಲಿ, ಸೊರಬ ತಾಲೂಕಿನ ಕ್ಯಾಸನೂರು ಕಾಡಿನ ಹತ್ತಿರ. 2018-19ರಲ್ಲಿ ಸಾಗರ ತಾಲೂಕಿನ ಅರಳಗೋಡು ಭಾಗದಲ್ಲಿ ಎಷ್ಟೋ ಮನೆಗಳು ಸಾವು ಕಂಡವು. ಮಲೆನಾಡಿನವರಿಗೆ ಆ ಭಯ ಇನ್ನೂ ಹೋಗಿಲ್ಲ. ವೈರಸ್ ಹರಡುವುದು ಉಣುಗಿನಿಂದ, ಅಂದರೆ ರಕ್ತ ಹೀರುವ ಉಣ್ಣೆ ಹುಳುವಿನಿಂದ. ಡಿಸೆಂಬರ್ ಕಳೆದು ಕಾಡು ಒಣಗುತ್ತಿದ್ದಂತೆ ಎಳೆ ಉಣುಗುಗಳು ತರಗೆಲೆಯಲ್ಲಿ ತುಂಬಿಕೊಳ್ಳುತ್ತವೆ. ಕೊಟ್ಟಿಗೆಗೆ ಹಾಸಲು ತರಗೆಲೆ ಗುಡಿಸಿ ತರುವವರು ಯಾರು? ಹೆಂಗಸರು. ಸೌದೆಗೆ ಹೋಗುವವರೂ ಅವರೇ. ಕಾಡಿಗೆ ಹೋಗಬೇಡಿ ಎಂದು ಪೋಸ್ಟರ್ ಅಂಟಿಸುವುದು ಸುಲಭ. ಹೋಗದೆ ಅವರ ದಿನ ನಡೆಯುವುದಿಲ್ಲವಲ್ಲ.

ಹಾಗಾಗಿ ನಮ್ಮ ಹುಡುಗರು ಆಶಾ ಅಕ್ಕನ ಹಿಂದೆ ಹೊರಟರು. ಬಾಟಲಿ ಕೊಟ್ಟು ಬರುವುದಷ್ಟೇ ಆದರೆ ಅದು ದೇವರ ಗೂಡಿನ ಪಕ್ಕ ಹಾಗೇ ಕೂತಿರುತ್ತದೆ. ಅಕ್ಕ ಜಗಲಿಯಲ್ಲಿ ಕೂತು ತಾನೇ ಹಚ್ಚಿ ತೋರಿಸುತ್ತಿದ್ದರು. ಪಾದದಿಂದ ಮೊಣಕಾಲಿನವರೆಗೆ, ಬೆರಳ ಸಂದಿಯಲ್ಲಿ, ಕೈಗೆ, ಕುತ್ತಿಗೆಯ ಹಿಂದೆ. ಕಾಡಿನಿಂದ ಬಂದ ಕೂಡಲೇ ಬಟ್ಟೆಯನ್ನು ಬಿಸಿನೀರಿಗೆ ಹಾಕಬೇಕು, ಸೋಪು ಹಚ್ಚಿ ಸ್ನಾನ ಮಾಡಬೇಕು. ಎಲ್ಲಾದರೂ ಮಂಗ ಸತ್ತು ಬಿದ್ದಿದ್ದರೆ ಹತ್ತಿರ ಹೋಗದೆ ಆರೋಗ್ಯ ಕೇಂದ್ರಕ್ಕೆ ತಿಳಿಸಬೇಕು. ನಮ್ಮವರು ಅದನ್ನೇ ಕಲಿತು ಗುಡ್ಡದ ಮೇಲಿನ ಮನೆಗಳಿಗೂ ಮುಟ್ಟಿಸಿದರು. ಕಾರ್ಯಕ್ರಮ ಇಲಾಖೆಯದು, ಹೆಸರು ಆಶಾ ಅಕ್ಕನದು, ಕಾಲು ಮಾತ್ರ ನಮ್ಮವು. ಸಭೆಯ ಹೆಸರಿನ ಬ್ಯಾನರ್ ಬೇಡ ಎಂದು ನಾನು ಗಟ್ಟಿಯಾಗಿ ಹೇಳಿದ್ದೆ, ಈಗಲೂ ಹೇಳುತ್ತೇನೆ.

ಒಂದು ಮನೆಯಲ್ಲಿ ತಾಯಿಗೆ ಜ್ವರ ಬಂತು. ವಿಪರೀತ ತಲೆನೋವು, ಮೈಕೈ ನೋವು. ಪರೀಕ್ಷೆಯಲ್ಲಿ ಮಂಗನ ಕಾಯಿಲೆ ಎಂದಾಯಿತು. ಅಕ್ಕಪಕ್ಕದವರು ಆ ಮನೆಯ ಅಂಗಳ ತುಳಿಯುವುದನ್ನೇ ಬಿಟ್ಟರು. ಈ ಕಾಯಿಲೆ ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ, ಡಾಕ್ಟರೇ ಹೇಳಿದ್ದರು. ಬಾಯಲ್ಲಿ ಹೇಳಿದರೆ ನಂಬಬೇಕಲ್ಲ! ನಮ್ಮ ಸಭೆಯ ಇಬ್ಬರು ಹೆಂಗಸರು ಹೋಗಿ ಗಂಜಿ ಬೇಯಿಸಿದರು, ದನಕ್ಕೆ ಹುಲ್ಲು ಹಾಕಿದರು, ಮಕ್ಕಳ ತಲೆ ಬಾಚಿ ಶಾಲೆಗೆ ಕಳಿಸಿದರು. ಅವರು ಅಲ್ಲಿ ಕೂತು ಕಾಫಿ ಕುಡಿಯುವುದನ್ನು ನೋಡಿದ ಮೇಲೆ ಪಕ್ಕದ ಮನೆಯಾಕೆಯೂ ಸಾರು ತಂದುಕೊಟ್ಟರು. ನನ್ನ ಯಾವ ಉಪದೇಶಕ್ಕೂ ಇಷ್ಟು ಶಕ್ತಿ ಇರಲಿಲ್ಲ.

ಆ ತಾಯಿಯನ್ನು ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಕಳಿಸಬೇಕಾಯಿತು. ಅಲ್ಲಿಂದ ನಮಗೆ ಎರಡನೇ ಕೆಲಸ ಸಿಕ್ಕಿತು. ನಮ್ಮ ಕಡೆಯವರಿಗೆ ದೊಡ್ಡಾಸ್ಪತ್ರೆ ಅಂದರೆ ಕಾಯಿಲೆಗಿಂತ ಜಾಸ್ತಿ ಹೆದರಿಕೆ. ಮಂಡಗದ್ದೆ, ಸಕ್ರೆಬೈಲು, ಗಾಜನೂರು ದಾಟಿ ಬಸ್ಸಿಳಿದರೆ ಚೀಟಿ ಎಲ್ಲಿ ಮಾಡಿಸಬೇಕು, ಯಾವ ಕೋಣೆಗೆ ಹೋಗಬೇಕು, ರೇಷನ್ ಕಾರ್ಡು ಯಾರಿಗೆ ತೋರಿಸಬೇಕು, ಏನೂ ಗೊತ್ತಾಗುವುದಿಲ್ಲ. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ ಎಂಬುದೇ ಎಷ್ಟೋ ಮನೆಗಳಿಗೆ ತಿಳಿದಿರಲಿಲ್ಲ. ಸಭೆಯ ಒಬ್ಬರು ಜೊತೆಗೆ ಹೋಗುವುದು, ರಾತ್ರಿ ವಾರ್ಡಿನ ಹೊರಗೆ ಚಾಪೆ ಹಾಸಿಕೊಂಡು ಇರುವುದು, ಮನೆಯವರು ಊಟ ಮಾಡಿ ಬರುವವರೆಗೆ ರೋಗಿಯ ಪಕ್ಕ ಕೂರುವುದು. ಇಷ್ಟೇ ಕೆಲಸ. ಇದಕ್ಕೆ ದುಡ್ಡಿಗಿಂತ ಸಮಯ ಬೇಕು.

ರಕ್ತದ ವಿಷಯ ಬೇರೆ. ಪ್ಲೇಟ್‌ಲೆಟ್ ಐದು ದಿನಕ್ಕಿಂತ ಹೆಚ್ಚು ಇಟ್ಟುಕೊಳ್ಳಲು ಆಗುವುದಿಲ್ಲ, ಬೇಕಾದಾಗ ದಾನಿಗಳು ಕೈಗೆ ಸಿಗಬೇಕು. ಅದಕ್ಕೆ ಒಂದು ಪುಸ್ತಕ ಮಾಡಿದೆವು. ಹೆಸರು, ರಕ್ತದ ಗುಂಪು, ಫೋನ್ ನಂಬರು, ಕೊನೆಯ ಸಲ ಕೊಟ್ಟ ತಾರೀಖು. ಒಮ್ಮೆ ರಕ್ತ ಕೊಟ್ಟ ಗಂಡಸರು ಮೂರು ತಿಂಗಳು, ಹೆಂಗಸರು ನಾಲ್ಕು ತಿಂಗಳು ಕಾಯಬೇಕು, ಹಾಗಾಗಿ ತಾರೀಖು ಮುಖ್ಯ. ಈಗ ಆ ಪುಸ್ತಕದಲ್ಲಿ ನಮ್ಮ ಸಭೆಯವರಿಗಿಂತ ಊರಿನ ಇತರರೇ ಜಾಸ್ತಿ. ಯುವಕ ಸಂಘದವರಿದ್ದಾರೆ, ಮಸೀದಿ ಕಡೆಯ ಹುಡುಗರಿದ್ದಾರೆ. ನನಗೆ ಇದು ಬಹಳ ಸಂತೋಷದ ವಿಷಯ.

ಇನ್ನು ಎಲ್ಲರೂ ಕೇಳುವ, ಕೇಳಲು ಹಿಂಜರಿಯುವ ಮಾತು. ಇದೆಲ್ಲ ಮತಾಂತರಕ್ಕೆ ಅಲ್ವಾ? ಊರಿನ ಹಿರಿಯರೊಬ್ಬರು ನೇರವಾಗಿಯೇ ಕೇಳಿದರು. ನಾನೂ ನೇರವಾಗಿ ಹೇಳಿದೆ: "ಗೌಡ್ರೇ, ನನ್ನ ನಂಬಿಕೆ ನಾನು ಮುಚ್ಚಿಡಲ್ಲ. ಯಾರಾದ್ರೂ ಕೇಳಿದ್ರೆ ಯೇಸುವಿನ ವಿಷಯ ಹೇಳ್ತೀನಿ. ಆದ್ರೆ ಗಂಜಿಗೂ ಅದಕ್ಕೂ ಗಂಟು ಹಾಕಲ್ಲ." 2022ರಲ್ಲಿ ರಾಜ್ಯದಲ್ಲಿ ಬಂದ ಕಾಯ್ದೆ ಆಮಿಷದ ಮತಾಂತರವನ್ನು ಅಪರಾಧ ಎಂದಿತು, ಉಡುಗೊರೆ, ಹಣ, ಉಚಿತ ಶಿಕ್ಷಣ ಎಲ್ಲವನ್ನೂ ಆಮಿಷದ ಪಟ್ಟಿಗೆ ಸೇರಿಸಿತು. ಆದರೆ ನಾವು ಇಟ್ಟುಕೊಂಡ ಕಟ್ಟುಪಾಡು ಕಾಯ್ದೆಗೆ ಹೆದರಿ ಬಂದದ್ದಲ್ಲ. ಬೈಬಲಿನಲ್ಲಿ ಲೂಕನ ಸುವಾರ್ತೆ 17ನೇ ಅಧ್ಯಾಯ ಓದಿ. ಯೇಸುವಿನಿಂದ ಹತ್ತು ಮಂದಿ ಕುಷ್ಠರೋಗಿಗಳು ಗುಣವಾದರು, ತಿರುಗಿ ಬಂದವನು ಒಬ್ಬನೇ. ಉಳಿದವರು ಎಲ್ಲಿ ಎಂದು ಕರ್ತನು ಕೇಳಿದ ನಿಜ. ಆದರೆ ಆ ಒಂಬತ್ತು ಮಂದಿಗೆ ಕೊಟ್ಟ ಆರೋಗ್ಯವನ್ನು ವಾಪಸ್ ತೆಗೆದುಕೊಳ್ಳಲಿಲ್ಲ.

ಆದ್ದರಿಂದ ಆಸ್ಪತ್ರೆಗೆ ಹೋಗುವ ಚೀಲದಲ್ಲಿ ಕರಪತ್ರ ಇರುವುದಿಲ್ಲ. ರೋಗಿಯೇ ಕೇಳದೆ ಹಾಸಿಗೆಯ ಪಕ್ಕ ಪ್ರಾರ್ಥನೆ ಇಲ್ಲ, ಮನಸ್ಸಿನಲ್ಲಿ ಎಷ್ಟು ಬೇಕಾದರೂ ಮಾಡಬಹುದು. ಸೇವೆಯ ಹಣಕ್ಕೆ ಬೇರೆ ಡಬ್ಬಿ ಇಟ್ಟಿದ್ದೇವೆ, ಲೆಕ್ಕ ಗೋಡೆಗೆ ಅಂಟಿಸುತ್ತೇವೆ. ಹೊರದೇಶದ ಹಣಕ್ಕೆ ಎಫ್‌ಸಿಆರ್‌ಎ ನೋಂದಣಿ ಬೇಕು. ನಾವು ಆ ದಾರಿಗೇ ಹೋಗಿಲ್ಲ. ಬಸ್ ಚಾರ್ಜು, ಅಕ್ಕಿ, ಬ್ರೆಡ್ಡು, ಇಷ್ಟಕ್ಕೆ ಕೂಲಿ ಮಾಡುವವರ ಕಾಣಿಕೆಯೇ ಸಾಕಾಗುತ್ತದೆ.

ಹಾಗಾದರೆ ಸಭೆ ಬೆಳೆದದ್ದು ಹೇಗೆ? ನಮ್ಮಿಂದ ಸಹಾಯ ಪಡೆದವರಲ್ಲಿ ಹೆಚ್ಚಿನವರು ಭಾನುವಾರ ಬಂದಿಲ್ಲ. ಆ ತಾಯಿ ಗುಣವಾಗಿ ಮನೆಗೆ ಬಂದರು, ಮನೆದೇವರಿಗೆ ಹರಕೆ ತೀರಿಸಿದರು, ನಮಗೂ ಒಂದು ಗೊನೆ ಬಾಳೆಹಣ್ಣು ಕೊಟ್ಟರು. ಅವರ ಮನೆಗೆ ಈಗಲೂ ಹೋಗುತ್ತೇವೆ. ಬಂದವರು ಬೇರೆಯವರು, ನಮ್ಮ ಜೊತೆ ಕೆಲಸ ಮಾಡಿದವರು. ರಾತ್ರಿಯಿಡೀ ವಾರ್ಡಿನ ಹೊರಗೆ ಒಟ್ಟಿಗೆ ಕೂತಾಗ ಮಾತು ಎಲ್ಲೆಲ್ಲಿಗೋ ಹೋಗುತ್ತದೆ. "ನೀವ್ಯಾಕೆ ಹೀಗೆ ಮಾಡ್ತೀರಿ?" ಎಂದು ಅವರೇ ಕೇಳುತ್ತಾರೆ. ಆಗ ಹೇಳಬೇಕಾದದ್ದನ್ನು ಹೇಳದೆ ಇರಲು ನನಗೆ ಆಗುವುದಿಲ್ಲ, ಇರಬೇಕಾಗಿಯೂ ಇಲ್ಲ. ಆಟೋ ಓಡಿಸುವ ಒಬ್ಬ ತಮ್ಮ ಹಾಗೆ ಕೇಳಿ, ಸತ್ಯವೇದ (ಬೈಬಲ್) ತೆಗೆದುಕೊಂಡು ಹೋಗಿ, ತನ್ನಷ್ಟಕ್ಕೆ ಓದಿ, ಎಷ್ಟೋ ಕಾಲದ ಮೇಲೆ ಬಂದು ಹಿಂದಿನ ಸಾಲಿನಲ್ಲಿ ಕೂತ. ದೀಕ್ಷಾಸ್ನಾನದ, ಅಂದರೆ ಕ್ರೈಸ್ತನಾಗಿ ಸೇರುವ ಸಂಸ್ಕಾರದ, ಮಾತನ್ನು ನಾನು ಎತ್ತಲಿಲ್ಲ. ಅವನ ಅವ್ವ ಏನನ್ನುತ್ತಾರೆ ಎಂದು ಕೇಳಿದೆ.

ಇನ್ನೊಂದು ವಿಷಯ. ಶಿವಮೊಗ್ಗದಲ್ಲಿ ಕ್ಯಾಥೊಲಿಕ್ ಧರ್ಮಪ್ರಾಂತ್ಯ 1988ರಿಂದಲೂ ಇದೆ, ಪ್ರಾಟೆಸ್ಟೆಂಟ್ ಪಂಗಡವಾದ ಸಿಎಸ್‌ಐ ಸಭೆಗಳೂ ಇವೆ. ಅವರ ಮಂದೆಯ ಕುರಿ ತಂದು ನಮ್ಮ ಕೊಟ್ಟಿಗೆ ತುಂಬಿಸಿದರೆ ಅದನ್ನು ಬೆಳವಣಿಗೆ ಅನ್ನಬೇಡಿ. ಹೊಸದಾಗಿ ಬಂದವರು ಮೊದಲು ಹತ್ತಿರದ ಗುರುಗಳನ್ನು ಕಂಡು ನಮಸ್ಕಾರ ಹೇಳಿ ಬನ್ನಿ.

ಅಡಿಕೆ ಕೊಯ್ಲಿನ ಕಾಲದಲ್ಲಿ ನಮ್ಮವರು ರಾತ್ರಿವರೆಗೂ ಸುಲಿತಕ್ಕೆ ಕೂರುತ್ತಾರೆ, ಆಗ ಆರಾಧನೆಯನ್ನು ಭಾನುವಾರ ಬೆಳಗಿನ ಜಾವಕ್ಕೆ ತರುತ್ತೇವೆ. ಮಳೆಗಾಲದಲ್ಲಿ ನಾಡಕಚೇರಿಯ ಪಿಂಚಣಿ ಅರ್ಜಿಗಳನ್ನು ತುಂಬಿಕೊಡುವುದು ನಡೆಯುತ್ತದೆ.

ಈಗ ಜಗಲಿ ಸಾಲುತ್ತಿಲ್ಲ. ಕಟ್ಟಡ ಬೇಕು ಎಂಬ ಮಾತು ಬಂದಿದೆ. ಒಬ್ಬರು ತಮ್ಮ ಬಗರ್‌ಹುಕುಂ ಜಾಗ ಕೊಡುತ್ತೇನೆ ಎಂದರು. ಹಕ್ಕುಪತ್ರ ಇಲ್ಲದ ಜಾಗ ಬೇಡ ಎಂದು ಸಭೆ ತೀರ್ಮಾನಿಸಿತು. ಖಾತೆ ಇರುವ ಜಾಗ ಸಿಕ್ಕಿ, ಭೂ ಪರಿವರ್ತನೆಯಾಗಿ, ಪಂಚಾಯ್ತಿ ಅನುಮತಿ ಕೈಗೆ ಬರುವವರೆಗೆ ಅಂಗಳಕ್ಕೆ ಚಪ್ಪರ ಹಾಕಿಕೊಳ್ಳುತ್ತೇವೆ. ಚಪ್ಪರದ ಅಡಿಕೆ ದಬ್ಬೆಯನ್ನು ಗೌಡರ ತೋಟದಿಂದ ತರುವುದು ಎಂದಾಗಿದೆ.