ಕೈ ತಾನಾಗಿ ಫೋನಿಗೆ ಹೋಗುತ್ತಾ? ಮೊದಲು ಕುರ್ಚಿ ನೋಡಿ

ಒಂದು ಜುಲೈಯಲ್ಲಿ ನಮ್ಮ ವಿರಾಜಪೇಟೆ ಕಡೆ ಲೈನ್ ಮೇಲೆ ಮರ ಬಿದ್ದು ಮೂರು ದಿನ ಕರೆಂಟ್ ಇರಲಿಲ್ಲ. ಫೋನ್ ಸತ್ತು ಮಲಗಿತ್ತು. ನಾನೂ ಒಂಬತ್ತಕ್ಕೆ ಮಲಗಿದೆ. ಚಡಪಡಿಕೆ ಏನೂ ಆಗಲಿಲ್ಲ. ನಾಲ್ಕನೇ ಸಂಜೆ ಕರೆಂಟ್ ಬಂತು. ಅವತ್ತೇ ರಾತ್ರಿ ಹನ್ನೆರಡೂವರೆ ತನಕ ರೀಲ್ಸ್ ನೋಡಿದೆ. ಮನಸ್ಸು ಗಟ್ಟಿಯಿಲ್ಲ ಅಂತ ಬೈದುಕೊಂಡೆ. ಆದರೆ ಮೂರು ದಿನ ಗಟ್ಟಿಯಾಗಿದ್ದ ಮನಸ್ಸು ಒಂದೇ ಸಂಜೆಗೆ ಮೆತ್ತಗಾಗುತ್ತಾ?

ಅಭ್ಯಾಸ ನಡೆಯುವುದು ಮನಸ್ಸಿನ ಗಟ್ಟಿತನದ ಮೇಲಲ್ಲ. ಸಂಪಾಜೆ ಘಾಟಿಯಲ್ಲಿ ಬಸ್ ಓಡಿಸುವ ಡ್ರೈವರ್ ಪ್ರತಿ ತಿರುವಿಗೂ ಯಾವ ಗೇರ್ ಅಂತ ಯೋಚಿಸುವುದಿಲ್ಲ. ತಿರುವು ಕಂಡರೆ ಸಾಕು, ಕೈ ಹೋಗುತ್ತದೆ. ಮಾಡಿ ಮಾಡಿ ರೂಢಿಯಾದ ಕೆಲಸವನ್ನು ಮಿದುಳಿನ ಒಳಗಿರುವ ಬೇಸಲ್ ಗ್ಯಾಂಗ್ಲಿಯಾ ಎಂಬ ಭಾಗ ವಹಿಸಿಕೊಳ್ಳುತ್ತದೆ. ಕೆಟ್ಟ ಚಟಕ್ಕೂ ಹೀಗೆ ಒಂದು ತಿರುವು ಇರುತ್ತದೆ.

ಮೊದಲ ಹೆಜ್ಜೆ: ಒಂದೇ ಚಟ ಆರಿಸಿ. ಹುತ್ತರಿ ಹಬ್ಬದಿಂದ ಫೋನ್, ಸಿಹಿ, ಸಿಗರೇಟ್ ಮೂರೂ ಬಂದ್ ಅಂದವರು ನಾಲ್ಕನೇ ದಿನ ಮೂರನ್ನೂ ಹಿಡಿದಿದ್ದನ್ನು ನೋಡಿದ್ದೇನೆ.

ಎರಡನೇ ಹೆಜ್ಜೆ: ತಿರುವು ಹುಡುಕಿ. ಎಲ್ಲರೂ ಎಡವುವುದು ಇಲ್ಲೇ. ಒಂದು ವಾರ ಏನನ್ನೂ ಬಿಡಬೇಡಿ. ಹೌದು, ಚಟ ನಡೆಯಲಿ. ಜೇಬಿನಲ್ಲಿ ಒಂದು ಪುಟ್ಟ ನೋಟ್‌ಬುಕ್ ಇರಲಿ. ಕೈ ಹೋದಾಗೆಲ್ಲ ಒಂದು ಸಾಲು ಬರೆಯಿರಿ: ಗಂಟೆ ಎಷ್ಟು, ಎಲ್ಲಿದ್ದೆ, ಯಾರಿದ್ದರು, ಅದಕ್ಕೆ ಸ್ವಲ್ಪ ಮುಂಚೆ ಏನು ಮಾಡುತ್ತಿದ್ದೆ. ಕೊನೆಯದನ್ನು ಮರೆಯಲೇಬೇಡಿ. ‘ಬೇಜಾರಾಗಿತ್ತು’ ಅಂತ ಬರೆದರೆ ಉಪಯೋಗವಿಲ್ಲ. ‘ಊಟ ಮುಗಿಸಿ ಕೈ ತೊಳೆದು ಜಗಲಿಯ ಬೆತ್ತದ ಕುರ್ಚಿಯಲ್ಲಿ ಕೂತೆ’ ಅಂತ ಬರೆಯಿರಿ. ರಾತ್ರಿ ಒಟ್ಟಿಗೆ ಬರೆಯುತ್ತೇನೆ ಅನ್ನಬೇಡಿ, ಅಷ್ಟರಲ್ಲಿ ಮನಸ್ಸು ಕತೆ ಕಟ್ಟಿರುತ್ತದೆ. ಫೋನಿನಲ್ಲಿ ಬರೆಯುವುದಂತೂ ಬೇಡವೇ ಬೇಡ. ಬರೆಯಲು ತೆಗೆದವರು ಕೆಳಗಿಡುವುದಿಲ್ಲ.

ತೋಟದ ಸುಸ್ತು ಕಾರಣ ಅಂತ ನಾನು ನಂಬಿದ್ದೆ. ನೋಟ್‌ಬುಕ್ ಬೇರೆಯೇ ಹೇಳಿತು. ಕೆಲಸವಿಲ್ಲದ ಭಾನುವಾರವೂ ಅದೇ ಗಂಟೆ, ಅದೇ ಬೆತ್ತದ ಕುರ್ಚಿ. ಕೈಗೆಟುಕುವ ಪ್ಲಗ್‌ನಲ್ಲಿ ಚಾರ್ಜರ್!

ಉಗುರು ಕಚ್ಚುವಂಥ ಚಟಗಳಿಗೆ ಅಮೆರಿಕದ ಮನಶ್ಶಾಸ್ತ್ರಜ್ಞರಾದ ಅಜ್ರಿನ್ ಮತ್ತು ನನ್ 1973ರಲ್ಲಿ ಕೊಟ್ಟ ಉಪಾಯವೂ ಇದೇ ದಾರಿಯದು. ಕೈ ಬಾಯಿಗೆ ಹೊರಡುವ ಗಳಿಗೆಯನ್ನು ಮೊದಲು ಗುರುತಿಸಬೇಕು, ಆಮೇಲೆ ಮುಷ್ಟಿ ಬಿಗಿಯಬೇಕು. ಗುರುತಿಸದೆ ಮುಷ್ಟಿ ಬಿಗಿಯುವುದು ಯಾವಾಗ?

ಮೂರನೇ ಹೆಜ್ಜೆ: ಆ ಜಾಗಕ್ಕೆ ಬೇರೆ ಏನಾದರೂ ಕೊಡಿ. ಖಾಲಿ ಬಿಟ್ಟರೆ ಹಳೆಯದೇ ವಾಪಸ್ ಬರುತ್ತದೆ. ಚಾರ್ಜರನ್ನು ಅಡುಗೆಮನೆಗೆ ಸಾಗಿಸಿದೆ. ಕುರ್ಚಿಯಲ್ಲಿ ಕೂತು ಒಂದು ರಾತ್ರಿ ಬೆಲ್ಲದ ಕಾಫಿ ಕುಡಿದೆ, ಎದ್ದು ಫೋನ್ ತಂದೆ. ಇನ್ನೊಂದು ರಾತ್ರಿ ಪೇಪರ್ ಓದಿದೆ, ಮತ್ತೆ ತಂದೆ. ಮೂರನೇ ರಾತ್ರಿ ರೇಡಿಯೋ ಹಾಕಿದೆ, ಏಳಲೇ ಇಲ್ಲ. ನಮ್ಮದು ತೋಟದ ಒಂಟಿ ಮನೆ, ಪಕ್ಕದ ಮನೆಗೆ ಅರ್ಧ ಕಿಲೋಮೀಟರ್. ನನಗೆ ಬೇಕಿದ್ದದ್ದು ಮನುಷ್ಯರ ದನಿ, ಅಷ್ಟೇ.

ಫೋನ್ ಲಾಕ್ ಮಾಡುವ ಆ್ಯಪ್‌ಗೆ ದುಡ್ಡು ಹಾಕಬೇಡಿ. ನಾನು ಹಾಕಿದ್ದೆ. ಬಿಚ್ಚುವುದು ಹೇಗಂತ ಎರಡೇ ದಿನಕ್ಕೆ ಕಲಿತೆ.

ನಾಲ್ಕನೇ ಹೆಜ್ಜೆ: ಕಾಯಿರಿ. ‘21 ದಿನದಲ್ಲಿ ಅಭ್ಯಾಸ’ ಅಂತ ಮಾರುವ ಕೋರ್ಸ್‌ಗಳನ್ನು ನಂಬಬೇಡಿ. ಮ್ಯಾಕ್ಸ್‌ವೆಲ್ ಮಾಲ್ಟ್ಜ್ ಎಂಬ ಅಮೆರಿಕದ ಪ್ಲಾಸ್ಟಿಕ್ ಸರ್ಜನ್, ಆಪರೇಷನ್ ಆದ ಮೇಲೆ ಹೊಸ ಮುಖಕ್ಕೆ ಒಗ್ಗಿಕೊಳ್ಳಲು ಕಡಿಮೆ ಅಂದರೂ 21 ದಿನ ಬೇಕು ಅಂತ 1960ರಲ್ಲಿ ಬರೆದಿದ್ದರು. ಆ ‘ಕಡಿಮೆ ಅಂದರೂ’ ಎಲ್ಲೋ ಉದುರಿಹೋಯಿತು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪ್ಪಾ ಲ್ಯಾಲಿ ತಂಡ 96 ಜನರನ್ನು 12 ವಾರ ಗಮನಿಸಿತು. ಹೊಸ ಅಭ್ಯಾಸ ಕೂರಲು ಬೇಕಾಗುವ ಸಮಯ 18ರಿಂದ 254 ದಿನ ಅಂತ ಅದರಿಂದ ಅಂದಾಜು ಲೆಕ್ಕ ಬಂತು, ನಡುವಿನ ಅಂಕಿ 66. ಒಂದು ದಿನ ತಪ್ಪಿದರೆ ಕೆಲಸ ಕೆಡಲಿಲ್ಲ ಅನ್ನುವುದೂ ಅಲ್ಲೇ ಗೊತ್ತಾಯಿತು.

ಹೊಗೆಸೊಪ್ಪು, ಕುಡಿತಕ್ಕೆ ನೋಟ್‌ಬುಕ್ ಒಂದೇ ಸಾಲದು. ದಿನಾ ಜಾಸ್ತಿ ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಬರಬಹುದು. ಮೊದಲು ಡಾಕ್ಟರನ್ನು ನೋಡಿ.

ಈಗಲೂ ಚಾರ್ಜರ್ ಅಡುಗೆಮನೆಯಲ್ಲೇ ಇದೆ. ರಜೆಗೆ ಬಂದ ಮಗ ಅದನ್ನು ಜಗಲಿಗೆ ತಂದು ಹಾಕುತ್ತಾನೆ. ಅವನು ಬಸ್ ಹತ್ತಿದ ದಿನವೇ ವಾಪಸ್ ಒಯ್ದಿಡುತ್ತೇನೆ.