ಇಂಗ್ಲಿಷ್‌ನ ‘ಲೈನ್’ ಸಿಕ್ಕರೆ ಅರ್ಥ ಹಿಡಿಯೋದು ಹೇಗೆ?

ಮಳೆಗಾಲದಲ್ಲಿ ಶಿರಸಿ ಕಡೆ ಯಾರಾದರೂ ‘ಲೈನ್ ಮೇಲೆ ಮರ ಬಿತ್ತು’ ಅಂದರೆ ಕರೆಂಟ್ ಹೋಯ್ತು ಅಂತ ಮಕ್ಕಳಿಗೂ ಗೊತ್ತು. ಇಂಗ್ಲಿಷ್ ಪುಸ್ತಕದಲ್ಲಿ ಅದೇ ಲೈನ್ ಬಂದರೆ ಮಾತ್ರ ಡಿಕ್ಷನರಿಯ ಉದ್ದ ಪಟ್ಟಿ ನೋಡಿ ಸುಸ್ತಾಗುತ್ತೇವೆ. ಆ ಪಟ್ಟಿ ಬಾಯಿಪಾಠ ಮಾಡಬೇಡಿ, ಸುಮ್ನೆ ಹೊರೆ.

ಮೊದಲು ಹಿಂದಿನ ಪದ ನೋಡಿ. ಫಿಶಿಂಗ್ ಲೈನ್ ಅಂದರೆ ಕಾರವಾರದಲ್ಲಿ ಗಾಳ ಹಾಕುವವರ ಕೈಲಿರುವ ದಾರ. ರೈಲ್ವೆ ಲೈನ್ ಅಂದರೆ ಹಳಿ, 1998ರಲ್ಲಿ ಪೂರ್ತಿ ಶುರುವಾದ ನಮ್ಮ ಕೊಂಕಣ ರೈಲ್ವೆಯದ್ದು ಇದೆಯಲ್ಲ, ಹಾಗೆ.

ಆಮೇಲೆ ‘ಎ’ ಇದೆಯೋ ‘ದಿ’ ಇದೆಯೋ ನೋಡಿ. ಎಡವೋದು ಜಾಸ್ತಿ ಇಲ್ಲೇ. ‘ಡ್ರಾ ಎ ಲೈನ್’ ಅಂತ ಟೀಚರ್ ಹೇಳಿದರೆ ಸ್ಕೇಲ್ ಹಿಡಿದು ಗೆರೆ ಎಳೆಯಿರಿ. ‘ಐ ಡ್ರಾ ದಿ ಲೈನ್ ಅಟ್ ಲೆಂಡಿಂಗ್ ಮನಿ’ ಅಂದರೆ ಸ್ಕೇಲ್ ಬೇಡ: ಬೇರೆ ಏನು ಬೇಕಾದರೂ ಕೇಳು, ಸಾಲ ಮಾತ್ರ ಕೊಡಲ್ಲ ಅಂತ. ‘ಡ್ರಾಪ್ ಮಿ ಎ ಲೈನ್’ ಅಂದರೆ ಎರಡು ಮಾತು ಬರೆದು ಕಳಿಸು.

ನಾಟಕದ ವಿಷಯದಲ್ಲಿ ‘ಲೈನ್ಸ್’ ಅಂತ ಬಹುವಚನ ಬಂದರೆ ಪಾತ್ರದ ಮಾತು. ನಮ್ಮ ಯಕ್ಷಗಾನದವರಿಗೆ ಈ ಬಾಯಿಪಾಠದ ಕಾಟ ಕಮ್ಮಿ, ಮಾತು ರಂಗಸ್ಥಳದಲ್ಲೇ ಹುಟ್ಟುತ್ತದೆ ಅಲ್ವಾ!

‘ಸ್ಟ್ಯಾಂಡ್ ಇನ್ ಲೈನ್’ ಅಮೆರಿಕದವರ ಮಾತು. ಬ್ರಿಟನ್‌ನಲ್ಲಿ ಅದು ಕ್ಯೂ.

ಇನ್ನು ನಮ್ಮ ಹುಡುಗರ ‘ಲೈನ್ ಹೊಡೆಯೋದು’. ಅದನ್ನು ‘ಹಿಟ್ ಲೈನ್’ ಅಂತ ಮಾಡಬೇಡಿ, ಇಂಗ್ಲಿಷ್‌ನವರಿಗೆ ಅರ್ಥವಾಗಲ್ಲ. ಅಲ್ಲಿ ‘ಫ್ಲರ್ಟ್’ ಅನ್ನಬೇಕು.